ಹಬ್ಬಕ್ಕೆ ಕಾರಿನ ಇಂಜಿನ್ ತೊಳೆಯುವ ಮೊದಲು



ನವರಾತ್ರಿ ಹತ್ತಿರ ಬಂತು. ಅಟ್ಟದಿಂದ ಗೊಂಬೆ ಇಳಿಸಿ ಧೂಳು ಒರೆಸುವುದು ನಮ್ಮ ಪಾಲಿನ ಕೆಲಸವಾದರೆ, ಆಯುಧಪೂಜೆಗೆ ಗಾಡಿ ತೊಳೆಯುವುದು ಗಂಡಸರ, ಮಕ್ಕಳ ಪಾಲಿನದು. ನಮ್ಮ ತಿಪಟೂರಿನ ಕಡೆ ಅವತ್ತು ಸೈಕಲ್ಲಿನಿಂದ ಹಿಡಿದು ಕೊಬ್ಬರಿ ಲಾರಿಯವರೆಗೆ ನೀರು ಕಾಣದ ಗಾಡಿಯೇ ಇರುವುದಿಲ್ಲ. ನಾವು ಒಳಗೆ ಹೂರಣ ರುಬ್ಬುತ್ತಾ, ಅಂಗಳದಲ್ಲಿ ಏನು ನಡೀತಿದೆ ಅಂತ ಇಣುಕಿಯೂ ನೋಡುವುದಿಲ್ಲ. ನಾನೂ ಹಾಗೇ ಇದ್ದವಳು. ಮೂರು ವರ್ಷದ ಹಿಂದಿನ ಒಂದು ರಾತ್ರಿ ನನಗೆ ಇಣುಕಿ ನೋಡುವುದನ್ನು ಕಲಿಸಿತು.

"ಸಾರಿನಪುಡಿ, ಉಪ್ಪಿನಕಾಯಿ ಅಂತ ಬರೀತಿದ್ದವರು ಈ ಸಲ ಇಂಜಿನ್ ಹಿಡ್ಕೊಂಡ್ರಲ್ಲ" ಅಂತ ನಗಬೇಡಿ. ಜಿಡ್ಡು ತೆಗೆಯೋ ಕೆಲಸ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು ಹೇಳಿ? ಒಗ್ಗರಣೆ ಹಾರಿ ಜಿಡ್ಡು ಕಟ್ಟಿದ ಒಲೆಗೋಡೆಯನ್ನು ವಾರ ವಾರ ಉಜ್ಜುವ ಕೈ ನಮ್ಮದು. ಆ ಅನುಭವವೇ ಇಲ್ಲಿಯೂ ಸಾಕು.

ಆ ರಾತ್ರಿ ನಡೆದದ್ದು

ನಮ್ಮದು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಪುಟ್ಟ ಕಾರು. ಆಯುಧಪೂಜೆಯ ಹಿಂದಿನ ಸಂಜೆ ನಮ್ಮ ಯಜಮಾನರು ತೋಟಕ್ಕೆ ಹೋಗಿ ಬಾಳೆಕಂದು, ಮಾವಿನಸೊಪ್ಪು ತುಂಬಿಕೊಂಡು ಬಂದರು. ಕಾರು ಬಂದು ನಿಂತು ಐದು ನಿಮಿಷವೂ ಆಗಿರಲಿಲ್ಲ, ಮಗ ಬಾನೆಟ್ ಎತ್ತಿ, ಬಟ್ಟೆಸೋಪಿನ ಪುಡಿ ಎರಚಿ, ಪೈಪಿನಲ್ಲಿ ನೀರು ಬಿಟ್ಟ. ದೋಸೆಕಲ್ಲಿಗೆ ನೀರು ಚಿಮುಕಿಸಿದ ಹಾಗೆ 'ಚುಂಯ್' ಅಂತ ಹಬೆ ಎದ್ದದ್ದು ಅಡಿಗೆಮನೆಯವರೆಗೂ ಕೇಳಿಸಿತು. ಕಪ್ಪು ನೀರು ಹರಿಯಿತು, ಇಂಜಿನ್ ಪಳಪಳ ಹೊಳೆಯಿತು. ಅಪ್ಪ ಮಗ ಇಬ್ಬರೂ ನನ್ನನ್ನು ಕರೆದು ತೋರಿಸಿದರು. ನಾನೂ "ಭೇಷ್" ಅಂದೆ.

ರಾತ್ರಿ ಒಂದೂವರೆ ಗಂಟೆಗೆ ನಮ್ಮ ಅತ್ತೆಯವರಿಗೆ ಉಬ್ಬಸ ಜಾಸ್ತಿಯಾಯಿತು. ಅವರಿಗೆ ಇದು ಹಳೇ ಕಾಯಿಲೆ, ಆದರೆ ಅವತ್ತಿನ ಹಾಗೆ ಯಾವತ್ತೂ ಆಗಿರಲಿಲ್ಲ. ತುಟಿ ನೀಲಿಗಟ್ಟಿತ್ತು. ಎತ್ತಿಕೊಂಡು ಬಂದು ಕಾರಿನಲ್ಲಿ ಕೂರಿಸಿದೆವು. ಯಜಮಾನರು ಕೀ ತಿರುಗಿಸಿದರು. ಇಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಮತ್ತೆ ತಿರುಗಿಸಿದರು, ಮತ್ತೆ ಅದೇ. ಹಿಂದಿನ ಸೀಟಿನಲ್ಲಿ ಅತ್ತೆಯವರು ನನ್ನ ಕೈ ಹಿಡಿದುಕೊಂಡಿದ್ದರು. ಅವರು ಮಾತಾಡಲಿಲ್ಲ, ಹಿಡಿತ ಮಾತ್ರ ಬಿಗಿಯಾಗುತ್ತಾ ಹೋಯಿತು. ಮಗ ಚಪ್ಪಲಿಯನ್ನೂ ಹಾಕದೆ ಪಕ್ಕದ ಬೀದಿಗೆ ಓಡಿ ಆಟೋದವರನ್ನು ಎಬ್ಬಿಸಿಕೊಂಡು ಬಂದ. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು, ಬೆಳಗಿನ ಹೊತ್ತಿಗೆ ಉಸಿರು ಹದಕ್ಕೆ ಬಂತು. ದೇವರು ದೊಡ್ಡವನು. ಆದರೆ ಆ ಇಪ್ಪತ್ತು ನಿಮಿಷ ನನ್ನ ಮಗನ ಮುಖದಲ್ಲಿ ಕಂಡದ್ದನ್ನು ನಾನು ಮರೆಯಲಾರೆ.

ಮಾರನೇ ದಿನ ನಮ್ಮ ಬೀದಿಯ ಮೆಕ್ಯಾನಿಕ್ ಬಂದು ನೋಡಿದರು. ಪ್ಲಗ್ಗಿನ ವೈರಿನ ಟೋಪಿಯೊಳಗೂ ಒಂದೆರಡು ವೈರು ಜೋಡಣೆಗಳಲ್ಲೂ ನೀರು ಹೊಕ್ಕಿತ್ತು. ಎಲ್ಲಾ ಬಿಚ್ಚಿ, ಒರೆಸಿ, ಗಾಳಿ ಹೊಡೆದು, ಒಣಗಿಸಿದ ಮೇಲೆ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಆಗ ಅವರು ಹೇಳಿದ ಮಾತು ಇದು: "ಅಕ್ಕಾ, ಇಂಜಿನ್‌ಗೆ ಸ್ನಾನ ಮಾಡಿಸ್ಬೇಡಿ. ಜ್ವರ ಬಂದೋರಿಗೆ ಮಾಡ್ತೀವಲ್ಲ, ಹಾಗೆ ಮೈ ಒರೆಸಿದ್ರೆ ಸಾಕು."

ಇವತ್ತಿನ ಲೇಖನದ ಸಾರವೆಲ್ಲಾ ಆ ಮಾತಿನಲ್ಲೇ ಇದೆ. ಉಳಿದದ್ದು ವಿವರ.

ಹಾಗಾದರೆ ತೊಳೆಯುವುದೇ ಬೇಡವೇ?

ಶುಚಿ ಬೇಕೇ ಬೇಕು. ಎಣ್ಣೆ ಜಿಡ್ಡಿನ ಮೇಲೆ ಧೂಳು ಕೂತು ಕೂತು ಹೆಪ್ಪುಗಟ್ಟಿದರೆ ಇಂಜಿನ್ನಿನ ಶಾಖ ಹೊರಗೆ ಹೋಗುವುದಕ್ಕೆ ಅಡ್ಡಿ. ಬಿಸಿ ಜಾಗದಲ್ಲಿ ಕೂತ ಎಣ್ಣೆ, ಒಣಗಿದ ಎಲೆ, ಕಸ ಬೆಂಕಿಗೂ ದಾರಿ. ಎಲ್ಲಕ್ಕಿಂತ ಮುಖ್ಯವಾಗಿ, ಎಲ್ಲಿಂದಾದರೂ ಎಣ್ಣೆ ಜಿನುಗುತ್ತಿದ್ದರೆ ಕೊಳೆಯಲ್ಲಿ ಅದು ಕಾಣಿಸುವುದೇ ಇಲ್ಲ. ಪಾತ್ರೆಯನ್ನು ಬೆಳಗಿದಾಗಲೇ ಅಲ್ಲವೇ ತೂತು ಕಣ್ಣಿಗೆ ಬೀಳುವುದು?

ಹಿಂದಿನ ಅಂಬಾಸಡರ್ ಕಾರಿಗೆ ಟ್ಯಾಕ್ಸಿಯವರು ಬಕೆಟ್ಟುಗಟ್ಟಲೆ ನೀರು ಎರಚಿದ್ದನ್ನು ನೀವು ನೋಡಿರಬಹುದು. ಅದರಲ್ಲಿ ವೈರು ಕಡಿಮೆ, ಜಾಗ ಹೆಚ್ಚು, ಬಿಸಿಲಿಗೆ ಬೇಗ ಒಣಗುತ್ತಿತ್ತು. ಆ ಕಾರಿನ ತಯಾರಿಕೆಯೇ 2014ರಲ್ಲಿ ನಿಂತುಹೋಯಿತು. ಈಗಿನ ಕಾರುಗಳ ಬಾನೆಟ್ಟಿನಲ್ಲಿ ಬಾಳೆನಾರಿನ ಹಾಗೆ ವೈರು, ಅಲ್ಲಲ್ಲಿ ಸೆನ್ಸರು, ಜೊತೆಗೆ ಕಂಪ್ಯೂಟರಿನ ಡಬ್ಬಿ. ಮೇಲಿಂದ ಬೀಳುವ ಮಳೆನೀರಿಗೆ ಇವು ಹೆದರುವುದಿಲ್ಲ. ಪೈಪಿನಲ್ಲಿ ಒತ್ತಿ ಬಿಟ್ಟ ನೀರು ಸಂದಿಗೊಂದಿಗೆ ನುಗ್ಗಿದರೆ ತೊಂದರೆ. ಸರ್ವಿಸ್ ಅಂಗಡಿಗಳಲ್ಲಿರುವ ಜೋರು ನೀರಿನ ಯಂತ್ರವನ್ನಂತೂ ಮನೆಯಲ್ಲಿ ಇಂಜಿನ್ನಿಗೆ ಹಿಡಿಯಲೇಬೇಡಿ.

ಇವನ್ನು ಮುಟ್ಟಬೇಡಿ

ಮೊದಲನೆಯದು ಪೆಟ್ರೋಲು, ಎರಡನೆಯದು ಸೀಮೆಎಣ್ಣೆ. "ಒಂದು ಬಟ್ಟೆಗೆ ಪೆಟ್ರೋಲ್ ಹಾಕಿ ಒರೆಸಿದ್ರೆ ಜಿಡ್ಡು ಒಂದೇ ನಿಮಿಷಕ್ಕೆ ಹೋಗುತ್ತಮ್ಮ" ಅಂತ ಮರು ವರ್ಷ ನನ್ನ ಮಗ ಶುರು ಮಾಡಿದ. ಜಿಡ್ಡು ಹೋಗುವುದು ನಿಜ. ಆದರೆ ಪೆಟ್ರೋಲಿನ ಆವಿ ಕೊರೆಯುವ ಚಳಿಯಲ್ಲೂ, ಸೊನ್ನೆಗಿಂತ ಕೆಳಗೆ 40 ಡಿಗ್ರಿಯಲ್ಲೂ, ಒಂದು ಕಿಡಿ ತಾಕಿದರೆ ಹೊತ್ತಿಕೊಳ್ಳುತ್ತದೆ. ಸೀಮೆಎಣ್ಣೆಗೆ ಸುಮಾರು 38 ಡಿಗ್ರಿ ಶಾಖ ಸಾಕು, ನಮ್ಮ ಬೇಸಿಗೆಯ ಮಧ್ಯಾಹ್ನದಷ್ಟು. ಈಗ ತಾನೇ ನಿಂತ ಕಾರಿನ ಹೊಗೆ ಕೊಳವೆ ನೂರಾರು ಡಿಗ್ರಿ ಕಾದಿರುತ್ತದೆ. ಸಾಲದ್ದಕ್ಕೆ ಸೀಮೆಎಣ್ಣೆಯಿಂದ ರಬ್ಬರಿನ ಪೈಪುಗಳು ಉಬ್ಬಿ ಮೆತ್ತಗಾಗುತ್ತವೆ.

ನಾನು ಚಿಕ್ಕವಳಿದ್ದಾಗ ನಮ್ಮ ಚಿಕ್ಕಮ್ಮ ಬಿಸಿ ಆರದ ಪಂಪ್ ಸ್ಟೌಗೆ ಸೀಮೆಎಣ್ಣೆ ತುಂಬಲು ಹೋಗಿದ್ದರು. ಅನ್ನ ಅರ್ಧ ಬೆಂದಿತ್ತು, ಕಾಯುವುದಕ್ಕೆ ಹೊತ್ತಿರಲಿಲ್ಲ, ಅಷ್ಟೇ. ಅವರ ಬಲಗೈ ಮೇಲೆ ಇವತ್ತಿಗೂ ಆ ಕಲೆ ಇದೆ. ಮದುವೆ ಮುಂಜಿಗೆ ಬಂದರೆ ಸೆರಗನ್ನು ಆ ಕೈ ಮೇಲೆ ಹೊದ್ದುಕೊಂಡೇ ಕೂರುತ್ತಾರೆ. ಮಗನಿಗೆ ನಾನು ಬೈಯಲಿಲ್ಲ. "ಹಬ್ಬಕ್ಕೆ ಅಜ್ಜಿ ಮನೆಗೆ ಹೋದಾಗ ಆ ಕೈ ನೋಡ್ಕೊಂಡು ಬಾ, ಆಮೇಲೆ ಪೆಟ್ರೋಲ್ ಕೊಡ್ತೀನಿ" ಅಂದೆ. ಮತ್ತೆ ಕೇಳಲಿಲ್ಲ.

ಮೂರನೆಯದು ವಾಷಿಂಗ್ ಸೋಡಾ, ಕಾಸ್ಟಿಕ್ ಸೋಡಾ. ಅಲ್ಯೂಮಿನಿಯಂ ಪಾತ್ರೆಗೆ ಸೋಡಾ ಹಾಕಿ ಉಜ್ಜಿದರೆ ಕಪ್ಪಗಾಗುವುದು ನಮಗೆ ಗೊತ್ತು. ಇಂಜಿನ್ನಿನ ಎಷ್ಟೋ ಭಾಗಗಳು ಅಲ್ಯೂಮಿನಿಯಮ್ಮಿನವೇ. ನಾಲ್ಕನೆಯದು ಕಕ್ಕಸಿನ ಆಸಿಡ್ ಮತ್ತು ಬ್ಲೀಚಿಂಗ್ ನೀರು. ಇವೆರಡನ್ನು ಎಲ್ಲಿಯೂ, ಯಾವತ್ತೂ ಬೆರೆಸಬಾರದು, ವಿಷದ ಗಾಳಿ ಏಳುತ್ತದೆ. ಐದನೆಯದು ಪಾತ್ರೆ ಉಜ್ಜುವ ಸ್ಟೀಲಿನ ಜುಂಗು. ಅದರ ಎಳೆ ಮುರಿದು ವೈರುಗಳ ಸಂದಿಯಲ್ಲಿ ಬಿದ್ದರೆ ಕರೆಂಟು ಅಡ್ಡದಾರಿ ಹಿಡಿಯುತ್ತದೆ.

ಬೇಕಾಗುವ ಸಾಮಾನು

ಹಳೇ ಪಂಚೆ ಅಥವಾ ಬನೀನಿನ ಬಟ್ಟೆ ಏಳೆಂಟು ತುಂಡು, ಹಳೇ ಹಲ್ಲುಜ್ಜುವ ಬ್ರಷ್ ಎರಡು, ಬಣ್ಣ ಬಳಿಯುವ ಬ್ರಷ್ ಒಂದು, ಪ್ಲಾಸ್ಟಿಕ್ ಕವರು ಮತ್ತು ರಬ್ಬರ್ ಬ್ಯಾಂಡು, ರಬ್ಬರಿನ ಕೈಚೀಲ, ಅರ್ಧ ಬಕೆಟ್ ನೀರು, ಗಿಡಕ್ಕೆ ನೀರು ಚಿಮುಕಿಸುವ ಬಾಟಲಿ, ಒಂದು ಬುಟ್ಟಿ ಮರಳು ಅಥವಾ ಮರದ ಹೊಟ್ಟು, ಎರಡು ಚಮಚ ಅಡಿಗೆ ಸೋಡಾ, ಸ್ವಲ್ಪ ವ್ಯಾಸಲೀನ್.

ಜಿಡ್ಡಿಗೆ ಅಂಗಡಿಯಲ್ಲಿ 'ಇಂಜಿನ್ ಡಿಗ್ರೀಸರ್' ಅಂತಲೇ ಸಿಗುತ್ತದೆ. ಕೊಳ್ಳುವಾಗ ನೀರಿನಲ್ಲಿ ಬೆರೆಯುವಂಥದ್ದನ್ನು ಕೇಳಿ. ಡಬ್ಬಿಯ ಮೇಲೆ ಬೆಂಕಿಯ ಚಿತ್ರವಿದ್ದರೆ ವಾಪಸ್ಸು ಕೊಡಿ. ಜಿಡ್ಡು ತೆಳುವಾಗಿದ್ದರೆ ಅದೂ ಬೇಡ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ಎರಡು ಟೀ ಚಮಚ ಸಾಕು.

ಮಾಡುವ ವಿಧಾನ

1. ಕಾರು ನಿಲ್ಲಿಸಿ ಕನಿಷ್ಠ ಎರಡು ಗಂಟೆ ಬಿಡಿ. ಬೆಳಿಗ್ಗೆ ಎದ್ದು, ಕಾರನ್ನು ಸ್ಟಾರ್ಟ್ ಮಾಡುವುದಕ್ಕೆ ಮೊದಲೇ ಕೆಲಸ ಹಚ್ಚಿಕೊಂಡರೆ ಇನ್ನೂ ಒಳ್ಳೆಯದು. ಕಾದ ಲೋಹದ ಮೇಲೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು. ರೇಡಿಯೇಟರಿನ ಮುಚ್ಚಳವನ್ನು ಬಿಸಿಯಲ್ಲಿ ತೆಗೆದರೆ, ಪ್ರೆಷರ್ ಕುಕ್ಕರಿನ ಮುಚ್ಚಳವನ್ನು ವಿಸಲ್ ಇಳಿಯದೆ ತೆಗೆದಂತೆ. ಮುಖಕ್ಕೇ ಹಾರುತ್ತದೆ.

2. ಬಾನೆಟ್ ಎತ್ತುವ ಮುಂಚೆ ಕೈಬಳೆ, ಉಂಗುರ, ವಾಚು ಬಿಚ್ಚಿಡಿ. ತಾಳಿಸರವನ್ನು ರವಿಕೆಯೊಳಗೆ ಸೇರಿಸಿ. ಬಂಗಾರದ ಬಳೆ ಬ್ಯಾಟರಿಯ ತಲೆಗೂ ಕಬ್ಬಿಣಕ್ಕೂ ಒಟ್ಟಿಗೆ ತಾಗಿದರೆ ಕ್ಷಣದಲ್ಲಿ ಕಾದು ಕೈ ಸುಡುತ್ತದೆ. ಸೆರಗನ್ನು ಬಿಗಿಯಾಗಿ ಸಿಕ್ಕಿಸಿ, ಜಡೆಯನ್ನು ಗಂಟು ಹಾಕಿ. ಇಂಜಿನ್ ನಿಂತಿದ್ದರೂ ಎಷ್ಟೋ ಕಾರುಗಳ ಫ್ಯಾನು ತಾನೇ ತಿರುಗಲು ಶುರುವಾಗುತ್ತದೆ.

3. ಕೀ ತೆಗೆದು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಬ್ಯಾಟರಿಯ ಮೈನಸ್ ಗುರುತಿನ ವೈರನ್ನು ಮೊದಲು ಬಿಚ್ಚಿ ಪಕ್ಕಕ್ಕೆ ಸರಿಸಿ. ಸಾಮಾನ್ಯವಾಗಿ ಇದು ಕಪ್ಪು ಬಣ್ಣದ್ದು. ಮತ್ತೆ ಹಾಕುವಾಗ ಇದೇ ಕೊನೆಗೆ. ತೀರಾ ಹೊಸ ಮಾದರಿಯ ಕಾರಾದರೆ ಬ್ಯಾಟರಿ ಬಿಚ್ಚಿದಾಗ ಗಡಿಯಾರ, ರೇಡಿಯೋ ಮುಂತಾದ ಜೋಡಣೆಗಳು ಅಳಿಸಿಹೋಗಬಹುದು, ಮೆಕ್ಯಾನಿಕ್ಕನ್ನು ಕೇಳಿಯೇ ಮುಟ್ಟಿ. ಬ್ಯಾಟರಿಯಲ್ಲಿ ಓಡುವ ಕಾರು ಅಥವಾ ಹೈಬ್ರಿಡ್ ಕಾರಿನಲ್ಲಿ ಕಿತ್ತಳೆ ಬಣ್ಣದ ದಪ್ಪ ವೈರು ಕಂಡರೆ ಬಾನೆಟ್ ಮುಚ್ಚಿಬಿಡಿ. ಅದರಲ್ಲಿ ಜೀವ ತೆಗೆಯುವಷ್ಟು ಕರೆಂಟಿದೆ, ಅದು ತಿಳಿದವರ ಕೆಲಸ.

4. ಒಣಗಿದ ಎಲೆ, ಕಸ ಕೈಯಿಂದ ಆರಿಸಿ. ನಮ್ಮ ಮನೆ ಕಾರಿನಲ್ಲಿ ಇಲಿಯೊಂದು ತೆಂಗಿನ ನಾರು, ಕೊಬ್ಬರಿ ಚೂರು ತಂದು ಸಂಸಾರವನ್ನೇ ಹೂಡಿತ್ತು! ಇಲಿ ಓಡಾಡಿದ ಗುರುತಿದ್ದರೆ ಒಣ ಪೊರಕೆಯಿಂದ ಗುಡಿಸಬೇಡಿ. ಮೂಗಿಗೆ ಬಟ್ಟೆ ಕಟ್ಟಿ, ಕೈಗೆ ರಬ್ಬರ್ ಚೀಲ ಹಾಕಿ, ಸೋಪಿನ ನೀರು ಚಿಮುಕಿಸಿ ಒದ್ದೆ ಕಾಗದದಲ್ಲಿ ಬಾಚಿ ತೆಗೆಯಿರಿ. ಇಲಿಯ ಮೂತ್ರದಿಂದ ಇಲಿಜ್ವರ ಬರುತ್ತದೆ, ಕೈಯಲ್ಲಿ ಗಾಯವಿದ್ದರಂತೂ ಬಲು ಸುಲಭವಾಗಿ. ಕಡಿದ ವೈರು ಕಂಡರೆ ಟೇಪು ಸುತ್ತಿ ಸುಮ್ಮನಾಗಬೇಡಿ, ಮೆಕ್ಯಾನಿಕ್ಕಿಗೆ ತೋರಿಸಿ.

5. ನೀರು ತಾಗಬಾರದ ಜಾಗಗಳಿಗೆ ಪ್ಲಾಸ್ಟಿಕ್ ಕವರು ಹಾಕಿ ರಬ್ಬರ್ ಬ್ಯಾಂಡ್ ಬಿಗಿಯಿರಿ. ಅವು ಯಾವುವೆಂದರೆ ಬ್ಯಾಟರಿ, ಫ್ಯೂಸಿನ ಡಬ್ಬಿ, ಕಂಪ್ಯೂಟರಿನ ಡಬ್ಬಿ, ಆಲ್ಟರ್ನೇಟರು, ಗಾಳಿ ಒಳಗೆ ಹೋಗುವ ಬಾಯಿ, ಪ್ಲಗ್ಗಿನ ವೈರುಗಳು. ಯಾವುದು ಎಲ್ಲಿದೆ ತಿಳಿಯದಿದ್ದರೆ ಕಾರಿನ ಜೊತೆ ಬಂದ ಪುಸ್ತಕದಲ್ಲಿ ಚಿತ್ರವಿರುತ್ತದೆ. ಇಂಜಿನ್ ಆಯಿಲ್ ಮುಚ್ಚಳ, ಆಯಿಲ್ ಅಳೆಯುವ ಕಡ್ಡಿ ಗಟ್ಟಿಯಾಗಿ ಕೂತಿವೆಯೇ ನೋಡಿ. ಎಷ್ಟು ಕವರು ಕಟ್ಟಿದಿರಿ ಅಂತ ಎಣಿಸಿ, ಒಂದು ಚೀಟಿಯಲ್ಲಿ ಬರೆದಿಡಿ. ತೆಗೆಯುವಾಗ ಲೆಕ್ಕ ಸರಿಹೋಗಬೇಕು.

6. ಕಾರಿನ ಅಡಿಯಲ್ಲಿ ಮರಳು ಅಥವಾ ಹೊಟ್ಟು ಹರಡಿ. ಮೊದಲು ಬಣ್ಣದ ಬ್ರಷ್ಷಿನಿಂದ ಒಣ ಧೂಳು ತೆಗೆಯಿರಿ. ಆಮೇಲೆ ದ್ರವವನ್ನು ಇಂಜಿನ್ ಮೇಲೆ ಸುರಿಯಬೇಡಿ, ಬಟ್ಟೆಗೋ ಬ್ರಷ್ಷಿಗೋ ಹಚ್ಚಿಕೊಂಡು ಜಿಡ್ಡಿದ್ದಲ್ಲಿ ಮಾತ್ರ ಸವರಿ. ಮೂರು ನಾಲ್ಕು ನಿಮಿಷ ನೆನೆಯಲಿ, ಒಣಗಿಹೋಗಲು ಬಿಡಬೇಡಿ. ಒಂದೇ ಸಲ ಎಲ್ಲಾ ಕಡೆ ಬಳಿಯುವ ಬದಲು ಒಂದು ಮೂಲೆ ಮುಗಿಸಿ ಇನ್ನೊಂದಕ್ಕೆ ಹೋಗಿ. ತಿರುಗುವ ಬೆಲ್ಟಿಗೆ ಮಾತ್ರ ದ್ರವ ತಾಗಬಾರದು, ಜಾರಿ ಕಿರುಗುಟ್ಟುತ್ತದೆ.

7. ಹಲ್ಲುಜ್ಜುವ ಬ್ರಷ್ಷಿನಿಂದ ಮೆತ್ತಗೆ ತಿಕ್ಕಿ, ಹಿಂಡಿದ ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸಿ. ಬೇಕೇ ಬೇಕೆಂದರೆ ಬಾಟಲಿಯಿಂದ ಸ್ವಲ್ಪ ನೀರು ಚಿಮುಕಿಸಿ, ಅಷ್ಟೇ. ಪೈಪು ಗಿಡಗಳ ಹತ್ತಿರವೇ ಇರಲಿ.

8. ಬ್ಯಾಟರಿಯ ತಲೆಯಲ್ಲಿ ಬಿಳಿ ಅಥವಾ ಹಸಿರು ಕಿಲುಬು ಕಟ್ಟಿದ್ದರೆ, ಒಂದು ಲೋಟ ನೀರಿಗೆ ಅಡಿಗೆ ಸೋಡಾ ಬೆರೆಸಿ, ಬ್ರಷ್ಷಿನಲ್ಲಿ ಅದ್ದಿ ತಿಕ್ಕಿ. ನೊರೆ ಬರುತ್ತದೆ, ಹೆದರಬೇಡಿ, ಆಮ್ಲ ಶಾಂತವಾಗುತ್ತಿದೆ ಅಂತ ಅರ್ಥ. ಸೋಡಾ ನೀರು ಬ್ಯಾಟರಿಯ ಒಳಕ್ಕೆ ಇಳಿಯಬಾರದು. ಒರೆಸಿ, ಒಣಗಿಸಿ, ಜೋಡಣೆ ಮುಗಿದ ಮೇಲೆ ವ್ಯಾಸಲೀನ್ ಸವರಿ.

9. ಒಣ ಬಟ್ಟೆಯಿಂದ ಒರೆಸಿ, ಕವರುಗಳನ್ನು ಎಣಿಸಿಕೊಂಡು ಎಲ್ಲಾ ತೆಗೆದು, ಬಾನೆಟ್ ತೆರೆದು ಎರಡು ಗಂಟೆ ಗಾಳಿಗೆ ಬಿಡಿ. ಬಟ್ಟೆ, ಬ್ರಷ್ ಒಳಗೇ ಮರೆತಿಲ್ಲ ತಾನೇ ಅಂತ ನೋಡಿ. ಆಮೇಲೆ ಬ್ಯಾಟರಿ ಜೋಡಿಸಿ, ಬಯಲಿನಲ್ಲಿ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಓಡಲು ಬಿಡಿ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಯಾವತ್ತೂ ಬೇಡ. ಕಾರಿನ ಹೊಗೆಯಲ್ಲಿ ವಾಸನೆಯೇ ಇಲ್ಲದ ವಿಷದ ಅನಿಲವಿರುತ್ತದೆ, ತಲೆ ಸುತ್ತುವಷ್ಟರಲ್ಲಿ ಎದ್ದು ಹೋಗುವ ಶಕ್ತಿಯೂ ಹೋಗಿರುತ್ತದೆ.

ಈ ಕೆಲಸವನ್ನು ಹಬ್ಬದ ಹಿಂದಿನ ಸಂಜೆಗೆ ಇಟ್ಟುಕೊಳ್ಳಬೇಡಿ. ನಾಲ್ಕೈದು ದಿನ ಮುಂಚೆ, ಬಿಸಿಲಿರುವ ಬೆಳಿಗ್ಗೆ ಮುಗಿಸಿ. ಏನಾದರೂ ಹೆಚ್ಚುಕಡಿಮೆಯಾದರೆ ಮೆಕ್ಯಾನಿಕ್ ಸಿಗುತ್ತಾರೆ. ಮನೆಯಲ್ಲಿ ವಯಸ್ಸಾದವರು, ದಿನ ತುಂಬಿದ ಬಸುರಿ, ಕಾಯಿಲೆಯವರು ಇದ್ದರೆ, ಮಲಗುವ ಮುಂಚೆ ಕಾರು ಸ್ಟಾರ್ಟ್ ಆಗುತ್ತದೆಯೇ ಅಂತ ಒಂದು ಸಲ ನೋಡಿಯೇ ಮಲಗಿ.

ಒರೆಸುವಾಗ ಏನೇನು ನೋಡಬೇಕು?

ಒರೆಸಿದ ಜಾಗದಲ್ಲಿ ವಾರದೊಳಗೆ ಮತ್ತೆ ಎಣ್ಣೆ ಪಸೆ ಕಂಡರೆ ಎಲ್ಲೋ ಪ್ಯಾಕಿಂಗ್ ಸೋರುತ್ತಿದೆ. ಹಸಿರೋ ಗುಲಾಬಿಯೋ ಬಣ್ಣದ ನೀರು ಕಂಡರೆ ಅದು ಇಂಜಿನ್ ತಣಿಸುವ ಕೂಲೆಂಟು. ಅದರ ರುಚಿ ಸಿಹಿ, ಆದರೆ ಘೋರ ವಿಷ. ನಾಯಿ, ಬೆಕ್ಕು ನೆಕ್ಕದಂತೆ, ಮಕ್ಕಳು ಮುಟ್ಟದಂತೆ ಕೂಡಲೇ ಒರೆಸಿ. ಪೆಟ್ರೋಲಿನ ವಾಸನೆ ಬಂದರೆ ಕೀ ಮುಟ್ಟಲೇಬೇಡಿ, ಮೆಕ್ಯಾನಿಕ್ಕನ್ನು ಮನೆಗೇ ಕರೆಸಿ.

ಎಣ್ಣೆ ಕುಡಿದ ಮರಳು, ಬಟ್ಟೆಗಳನ್ನು ಹಂಡೆಯ ಒಲೆಯ ಹತ್ತಿರ ಇಡಬೇಡಿ, ಒಲೆಗೂ ಹಾಕಬೇಡಿ. ಕಪ್ಪು ನೀರು ಬಾವಿ, ಸಂಪು, ತೆಂಗಿನ ಬುಡದ ಕಡೆ ಹರಿಯಬಾರದು. ಗ್ಯಾರೇಜಿನವರು ಹಳೇ ಆಯಿಲ್ಲನ್ನು ಡ್ರಮ್ಮಿನಲ್ಲಿ ಕೂಡಿಡುತ್ತಾರೆ. ಈ ಕಸವನ್ನೂ ಅವರಲ್ಲೇ ಕೇಳಿ ಕೊಟ್ಟುಬಿಡಿ.

ದಾರಿಯಲ್ಲಿ ಬಾನೆಟ್ಟಿನಿಂದ ಹೊಗೆಯೋ ಉರಿಯೋ ಎದ್ದರೆ, ಕಾರು ನಿಲ್ಲಿಸಿ, ಕೀ ಆಫ್ ಮಾಡಿ, ಎಲ್ಲರೂ ಇಳಿದು ದೂರ ಹೋಗಿ. ಸಾಮಾನು ತೆಗೆಯಲು ವಾಪಸ್ಸು ಹೋಗಬೇಡಿ. ಬಾನೆಟ್ ಎತ್ತಬೇಡಿ, ಗಾಳಿ ಸಿಕ್ಕರೆ ಬೆಂಕಿ ಭುಗಿಲೇಳುತ್ತದೆ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದಾಗ ನೀರು ಹಾಕಬಾರದು ಅಂತ ನಾವು ಕಲಿತಿದ್ದೇವಲ್ಲ, ಇಲ್ಲಿಯೂ ಅದೇ. 112ಕ್ಕೆ ಫೋನ್ ಮಾಡಿ.

ಪೂಜೆಯ ದಿನ

ಅರಿಸಿನ ಕುಂಕುಮ ಬಾನೆಟ್ಟಿನ ಮೇಲೆ ಇರಲಿ, ಒಳಗೆ ಬೇಡ. ಇಂಜಿನ್ನಿನ ಸಂದಿಗೆ ಊದುಬತ್ತಿ ಸಿಕ್ಕಿಸುವುದು, ಬಾನೆಟ್ ತೆರೆದು ಒಳಗೆ ಕರ್ಪೂರ ಹಚ್ಚಿಡುವುದು ಖಂಡಿತ ಬೇಡ. ಆರತಿಯನ್ನು ಹೊರಗಿನಿಂದ ಬೆಳಗಿ. ಮುಂದಿನ ಜಾಲರಿಗೆ ಕಟ್ಟಿದ ಬಾಳೆಕಂದು, ಹೂವಿನ ಹಾರವನ್ನು ದೂರ ಹೋಗುವ ಮೊದಲು ಬಿಚ್ಚಿ, ಇಲ್ಲದಿದ್ದರೆ ರೇಡಿಯೇಟರಿಗೆ ಗಾಳಿ ಸಿಗದೆ ಇಂಜಿನ್ ಕಾಯುತ್ತದೆ. ಒಡೆದ ಬೂದುಗುಂಬಳದ ಹೋಳನ್ನು ರಸ್ತೆಯಿಂದ ಬಾಚಿ ಹಾಕಿ, ಸ್ಕೂಟರಿನವರು ಜಾರಿ ಬೀಳುತ್ತಾರೆ.

ಈಗ ನಮ್ಮ ಮನೆಯಲ್ಲಿ ಪ್ರತಿ ವರ್ಷ ಮಹಾಲಯ ಅಮಾವಾಸ್ಯೆ ಕಳೆದ ಮೇಲೆ ಒಂದು ಬೆಳಿಗ್ಗೆ ಮಗ, ಮಗಳು, ನಾನು ಮೂವರೂ ಬಟ್ಟೆ ಹಿಡಿದು ಕೂರುತ್ತೇವೆ. ಯಜಮಾನರು ಕವರು ಎಣಿಸುವ ಗುಮಾಸ್ತರು. ಹೋದ ವರ್ಷ ಅತ್ತೆಯವರು ಜಗಲಿ ಮೇಲೆ ಕೂತು ನೋಡುತ್ತಾ, "ನನ್ನ ದೆಸೆಯಿಂದ ಕಾರಿಗಾದ್ರೂ ಮೈ ಒರೆಸಿಸ್ಕೊಳ್ಳೋ ಭಾಗ್ಯ ಬಂತು ಕಣೇ" ಅಂದರು. ಎಲ್ಲರೂ ನಕ್ಕೆವು. ಮಗ ಮಾತ್ರ ನಗಲಿಲ್ಲ. ಬ್ಯಾಟರಿ ಜೋಡಿಸಿ, ಕೀ ತಿರುಗಿಸಿ, ಇಂಜಿನ್ ಸದ್ದು ಕೇಳಿದ ಮೇಲೆಯೇ ಅವನ ಮುಖ ಸಡಿಲವಾದದ್ದು.

ನಿಮ್ಮನೆಯಲ್ಲೂ ಈ ಹಬ್ಬಕ್ಕೆ ಒಂದು ಸಲ ಅಂಗಳದ ಕಡೆ ಇಣುಕಿ ನೋಡಿ. ಪೈಪು ಕಂಡರೆ ನಲ್ಲಿ ನಿಲ್ಲಿಸಿ, ಬಟ್ಟೆ ಕೊಡಿ.

ಮುಂದಿನ ಸಂಚಿಕೆಗೆ ದೀಪಾವಳಿಯ ಚಕ್ಕುಲಿ, ಎಣ್ಣೆ ಕುಡಿಯದ ಹಾಗೆ ಕರಿಯುವ ಬಗೆ. ಎಲ್ಲರಿಗೂ ನವರಾತ್ರಿಯ ಶುಭಾಶಯಗಳು.